ಗುಟ್ಟು ಗೊತ್ತಿರುವವರಿಗೆ ವೋಟಿಲ್ಲ!

ಶುಕ್ರವಾರ ಸಂಜೆ ಮ್ಯಾನೇಜರ್ ಕರೆದು, 'ಫ್ರೀಯಾಗಿ ಮಾತಾಡಿ, ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ' ಅಂತಾರೆ. ನೀವೂ ನಂಬಿಬಿಡ್ತೀರಿ. ರಾತ್ರಿ ನಿದ್ದೆ ಬರ್ತಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ತಿಲ್ಲ, ಬೇರೆ ಕಡೆ ನೋಡೋಣ ಅನಿಸ್ತಿದೆ ಅಂತ ಎಲ್ಲ ಹೇಳ್ಕೊಳ್ತೀರಿ. ಮೂರು ತಿಂಗಳ ನಂತರ ಅಪ್ರೈಸಲ್. ಅದರಲ್ಲಿ 'ಬದ್ಧತೆ ಕಡಿಮೆ' ಎಂಬ ಒಂದು ಸಾಲು. ಆ ಸಾಲು ಎಲ್ಲಿಂದ ಬಂತು ಅನ್ನೋದು ನಿಮಗೂ ಗೊತ್ತು, ಅವರಿಗೂ ಗೊತ್ತು.

ಹಾಗಂತ ಆ ಮ್ಯಾನೇಜರ್ ಕೆಟ್ಟವರೇ ಆಗಿರಬೇಕು ಅಂತೇನಿಲ್ಲ. ಒಮ್ಮೆ ಕಿವಿಗೆ ಬಿದ್ದ ಮಾತನ್ನು ಕೇಳೇ ಇಲ್ಲ ಅನ್ನೋ ಹಾಗೆ ಮರೆಯೋದು ಯಾರಿಂದಲೂ ಆಗಲ್ಲ. ತೊಂದರೆ ಇರೋದು ಕುರ್ಚಿಯಲ್ಲಿ. ಕಷ್ಟ ಕೇಳುವವರೂ ಅವರೇ, ಮಾರ್ಕ್ಸ್ ಹಾಕುವವರೂ ಅವರೇ.

ಈ ಎರಡು ಕೆಲಸ ಒಬ್ಬರ ಕೈಗೆ ಹೋಗಬಾರದು ಅಂತ ಕಾನೂನು ಮಾಡಿಕೊಂಡಿರುವ ಒಂದು ಜಾಗ ಇದೆ. ಅದು ಯಾವ ಸ್ಟಾರ್ಟ್‌ಅಪ್ಪೂ ಅಲ್ಲ. ಕ್ಯಾಥೊಲಿಕ್ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿ. ಕನ್ನಡ ಕ್ರೈಸ್ತರ ಮಾತಿನಲ್ಲಿ ಗುರುಮಠ.

ಅನಮೋಡ ಘಾಟಿಯ ಆಚೆ

ಬೆಳಗಾವಿ, ಧಾರವಾಡ ಕಡೆಯಿಂದ ಗೋವಾಕ್ಕೆ ಗಾಡಿ ಓಡಿಸಿದವರಿಗೆಲ್ಲ ಅನಮೋಡ ಗೊತ್ತು. ಜೊಯಿಡಾ ತಾಲೂಕಿನ ಗಡಿಯ ಊರು. ಸುತ್ತ ಕಾಡು, ಒಂದು ಚೆಕ್‌ಪೋಸ್ಟ್, ವಾಪಸ್ ಬರುವಾಗ ಡಿಕ್ಕಿ ತೆಗೆಸಿ ನೋಡುವ ಅಬಕಾರಿಯವರು. ಅಲ್ಲಿಂದ ಘಾಟಿ ಇಳಿದರೆ ಮೊಲೆಂ. ಮುಂದೆ ಬೀಚಿನ ದಾರಿ ಹಿಡಿಯದೆ ಮಡಗಾಂವ್ ಕಡೆ ತಿರುಗಿದರೆ, ಜುವಾರಿ ನದಿಯ ಹತ್ತಿರ ರಾಚೋಲ್ ಎಂಬ ಹಳ್ಳಿ ಸಿಗುತ್ತೆ. 17ನೇ ಶತಮಾನದ ಆರಂಭದಲ್ಲಿ ಜೆಸ್ವಿಟ್ ಪಾದ್ರಿಗಳು ಕಟ್ಟಿಸಿದ ದೊಡ್ಡ ವಿದ್ಯಾಸಂಸ್ಥೆ ಅಲ್ಲಿದೆ. ಥಾಮಸ್ ಸ್ಟೀಫನ್ಸ್ ಬರೆದ 'ಕ್ರಿಸ್ತಪುರಾಣ' 1616ರಲ್ಲಿ ಮೊದಲು ಅಚ್ಚಾಗಿದ್ದು ಈ ರಾಚೋಲ್‌ನಲ್ಲೇ. 1759ರಲ್ಲಿ ಪೋರ್ಚುಗೀಸ್ ಸರ್ಕಾರ ಜೆಸ್ವಿಟರನ್ನು ಹೊರಹಾಕಿದ ಮೇಲೆ ಅದು ಗೋವಾ ಧರ್ಮಪ್ರಾಂತ್ಯದ ಸೆಮಿನರಿಯಾಯಿತು. ಇವತ್ತಿಗೂ ನಡೀತಿದೆ.

ಘಾಟಿಯ ಈಚೆಗೂ ಅದಕ್ಕೂ ನಂಟು ಹಳೆಯದು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಆಗುವ ತನಕ ಉತ್ತರ ಕನ್ನಡದ ಚರ್ಚುಗಳು ಗೋವಾದ ಆರ್ಚ್‌ಬಿಷಪ್ ಕೆಳಗೇ ಇದ್ದವು. 1976ರಲ್ಲಿ ಕಾರವಾರ ಬೇರೆ ಧರ್ಮಪ್ರಾಂತ್ಯವಾಯಿತು. ಹಳಿಯಾಳ, ಜೊಯಿಡಾ, ಮುಂಡಗೋಡ ಭಾಗದ ಕ್ಯಾಥೊಲಿಕರು ಈಗ ಅದಕ್ಕೆ ಸೇರಿದವರು. ಅವರಲ್ಲಿ ಸಿದ್ದಿ ಕುಟುಂಬಗಳೂ ಇವೆ. ಕರ್ನಾಟಕದೊಳಗೆ ಹೆಸರಾದ ಸೆಮಿನರಿಗಳು ಅಂದರೆ 1879ರಲ್ಲಿ ಶುರುವಾದ ಮಂಗಳೂರಿನ ಜೆಪ್ಪು ಸೇಂಟ್ ಜೋಸೆಫ್ಸ್ ಮತ್ತು ಬೆಂಗಳೂರು ಮಲ್ಲೇಶ್ವರದ ಸೇಂಟ್ ಪೀಟರ್ಸ್. ರಾಚೋಲ್ ಆಗಲಿ, ಜೆಪ್ಪು ಆಗಲಿ, ಮಲ್ಲೇಶ್ವರ ಆಗಲಿ, ಒಳಗೆ ಯಾರ ಅಧಿಕಾರ ಎಲ್ಲಿ ಶುರು, ಎಲ್ಲಿ ಮುಗಿತು ಅನ್ನೋದಕ್ಕೆ ಆಧಾರ ಒಂದೇ: ಧರ್ಮಸಭೆಯ 1983ರ ಕಾನೂನು ಸಂಹಿತೆ.

ಯಾರ ಕೆಲಸ ಏನು?

ಪಾದ್ರಿಯಾಗುವವರಿಗೆ ಅಂತಲೇ ಒಂದು ಶಾಲೆ ಇರಬೇಕು ಎಂಬ ನಿಯಮ ಬಂದದ್ದು 1563ರ ಜುಲೈ 15ರಂದು, ಟ್ರೆಂಟ್ ಮಹಾಸಭೆಯಲ್ಲಿ. ಈಗಿನ ಕಾನೂನಿನ ಪ್ರಕಾರ ತತ್ತ್ವಶಾಸ್ತ್ರ, ದೈವಶಾಸ್ತ್ರ ಎರಡೂ ಸೇರಿ ಕನಿಷ್ಠ ಆರು ವರ್ಷ ಓದಬೇಕು. ಅದರ ಹಿಂದೆ ಪೂರ್ವಸಿದ್ಧತೆ, ನಡುವೆ ಚರ್ಚು-ಶಾಲೆಗಳಲ್ಲಿ ಪ್ರಾಯೋಗಿಕ ಸೇವೆ ಅಂತ ಲೆಕ್ಕ ಹಾಕಿದರೆ ಪಿಯುಸಿ ಮುಗಿಸಿ ಸೇರಿದ ಹುಡುಗ ಪಾದ್ರಿಯಾಗುವಷ್ಟರಲ್ಲಿ ಹತ್ತು ವರ್ಷದ ಆಸುಪಾಸು ಆಗಿರುತ್ತೆ. ಅಷ್ಟು ವರ್ಷ ಅವನ ಜೀವನ ಕೆಲವೇ ಜನರ ಕೈಯಲ್ಲಿ.

ಮೊದಲನೆಯವರು ರೆಕ್ಟರ್. ಬಿಷಪ್ ನೇಮಿಸುವ ಮುಖ್ಯಸ್ಥರು. ದಿನಚರಿ, ಶಿಸ್ತು, ಸಿಬ್ಬಂದಿ ಎಲ್ಲಕ್ಕೂ ಕೊನೆಯ ಜವಾಬ್ದಾರಿ ಅವರದು. ಸೆಮಿನರಿ ಯಾವ ಚರ್ಚಿನ ಆಡಳಿತಕ್ಕೂ ಒಳಪಡದ ಕಾರಣ, ಒಳಗಿರುವವರ ಪಾಲಿಗೆ ಊರಿನ ಪಾದ್ರಿಯ ಜಾಗವೂ ಅವರದೇ. ಹುಡುಗನಿಗೆ ಗುರುದೀಕ್ಷೆ ಕೊಡುವ ಮುನ್ನ ಅವನ ವಿಶ್ವಾಸ, ನಡತೆ, ಆರೋಗ್ಯ, ಮನಃಸ್ಥಿತಿ ಬಗ್ಗೆ ಬಿಷಪ್‌ಗೆ ಪತ್ರ ಬರೆದು ಕೊಡಬೇಕಾದವರೂ ರೆಕ್ಟರೇ.

ಅಗತ್ಯವಿದ್ದರೆ ಅವರ ಕೆಳಗೆ ಒಬ್ಬ ಉಪರೆಕ್ಟರ್. ಹಣಕಾಸಿಗೆ ಬೇರೆಯೇ ಒಬ್ಬರು, ಪ್ರೊಕ್ಯುರೇಟರ್ ಅಂತಾರೆ. ಅಕ್ಕಿ, ಗ್ಯಾಸ್, ಕರೆಂಟ್ ಬಿಲ್, ಅಡುಗೆಯವರ ಸಂಬಳ ಎಲ್ಲ ಅವರ ತಲೆನೋವು. ಪಾಠಕ್ಕೆ ಪ್ರೊಫೆಸರುಗಳು, ಅವರ ಮೇಲೆ ಡೀನ್.

ಹುಡುಗರಿಗೂ ಪಾಲಿದೆ. ಊರಲ್ಲಿ ಎಲ್ಲರೂ 'ಬ್ರದರ್' ಅಂತ ಕರೆಯುವ ಈ ವಿದ್ಯಾರ್ಥಿಗಳು ರೆಕ್ಟರ್ ಜವಾಬ್ದಾರಿಯಲ್ಲಿ ಕೈಜೋಡಿಸಬೇಕು, ಮುಖ್ಯವಾಗಿ ಶಿಸ್ತಿನ ವಿಷಯದಲ್ಲಿ, ಅಂತ ಕಾನೂನೇ ಹೇಳುತ್ತೆ. ಹಾಗಾಗಿ ಒಬ್ಬ ವಿದ್ಯಾರ್ಥಿ ನಾಯಕ, ಪೂಜೆಯ ಸಿದ್ಧತೆಗೆ ಒಬ್ಬ, ಹುಷಾರಿಲ್ಲದವರನ್ನು ನೋಡಿಕೊಳ್ಳಲು ಒಬ್ಬ, ಊಟದ ಮನೆಗೆ ಒಬ್ಬ. ಮುಂದೆ ಒಂದು ಚರ್ಚು ನಡೆಸಬೇಕಾದವನು ಇಲ್ಲಿ ಮೊದಲು ಕಲಿಯೋದು ಜ್ವರ ಬಂದವನಿಗೆ ಗಂಜಿ ತಂದುಕೊಡೋದನ್ನ.

ಇವರೆಲ್ಲರ ಜೊತೆ ಇನ್ನೂ ಒಬ್ಬರಿರಲೇಬೇಕು. ಆಧ್ಯಾತ್ಮಿಕ ನಿರ್ದೇಶಕರು.

ಒಳಂಗಳ, ಹೊರಂಗಳ

ಹುಡುಗ ತನ್ನ ಮನಸ್ಸನ್ನು ಪೂರ್ತಿ ಬಿಚ್ಚಿಡುವುದು ಇವರ ಮುಂದೆ. 'ಫಾದರ್, ನನಗೆ ಈ ಜೀವನ ಬೇಕಾ ಅಂತಲೇ ಗೊತ್ತಾಗ್ತಿಲ್ಲ' ಅನ್ನೋದರಿಂದ ಹಿಡಿದು, ಪ್ರೀತಿ, ಸಿಟ್ಟು, ಅಪ್ಪನ ಕುಡಿತ, ರಾತ್ರಿಯ ಭಯ, ದೇವರ ಮೇಲಿನ ಅನುಮಾನದ ತನಕ. ಇಂಥ ಮಾರ್ಗದರ್ಶಕರನ್ನು ವಿದ್ಯಾರ್ಥಿ ತಾನೇ ಇಷ್ಟಪಟ್ಟು ಆರಿಸಿಕೊಳ್ಳುವುದು ಒಳ್ಳೆಯದು ಅನ್ನುತ್ತೆ ಸಂಹಿತೆ. ಪಾಪನಿವೇದನೆ ಕೇಳಲು ಹೊರಗಿನ ಪಾದ್ರಿಗಳೂ ಬರಬೇಕು. ಯಾರ ಹತ್ತಿರ ಬೇಕಾದರೂ ಹೋಗುವ ಸ್ವಾತಂತ್ರ್ಯ ಹುಡುಗನದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಹುಡುಗನಿಗೆ ದೀಕ್ಷೆ ಕೊಡಬೇಕೋ, ಮನೆಗೆ ಕಳಿಸಬೇಕೋ ಎಂಬ ಮೀಟಿಂಗ್ ನಡೆಯುವಾಗ, ಅವನನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಆಧ್ಯಾತ್ಮಿಕ ನಿರ್ದೇಶಕರ ಅಭಿಪ್ರಾಯವನ್ನು ಕೇಳುವಂತೆಯೇ ಇಲ್ಲ. ಪಾಪನಿವೇದನೆ ಕೇಳಿದವರ ಅಭಿಪ್ರಾಯವನ್ನೂ ಕೇಳುವಂತಿಲ್ಲ. ಸಂಹಿತೆಯ 240ನೇ ಕಲಂ ಇದನ್ನು 'ಎಂದಿಗೂ ಕೂಡದು' ಅನ್ನೋ ಧಾಟಿಯಲ್ಲೇ ಹೇಳುತ್ತೆ.

ಇದಕ್ಕೆ ಜೋಡಿ 985ನೇ ಕಲಂ. ತನ್ನದೇ ಮನೆಯಲ್ಲಿ ವಾಸವಿರುವ ವಿದ್ಯಾರ್ಥಿಗಳ ಪಾಪನಿವೇದನೆಯನ್ನು ರೆಕ್ಟರ್ ಕೇಳಬಾರದು. ಯಾವುದೋ ಒಂದು ಸಂದರ್ಭದಲ್ಲಿ ಹುಡುಗ ತಾನಾಗಿ ಬಂದು ಕೇಳಿಕೊಂಡರೆ ಮಾತ್ರ ಬೇರೆ ಮಾತು.

ಅಂದರೆ, ತೀರ್ಮಾನ ಮಾಡುವವರು ಗುಟ್ಟು ಕೇಳಬಾರದು. ಗುಟ್ಟು ಕೇಳಿದವರು ತೀರ್ಮಾನದ ಹತ್ತಿರ ಸುಳಿಯಬಾರದು. ಧರ್ಮಸಭೆಯ ಕಾನೂನಿನಲ್ಲಿ ಇವಕ್ಕೆ ಲ್ಯಾಟಿನ್ ಹೆಸರುಗಳಿವೆ. ನಮ್ಮ ಮಾತಿನಲ್ಲಿ ಒಳಂಗಳ, ಹೊರಂಗಳ ಅನ್ನಬಹುದು. ಹೊರಂಗಳದಲ್ಲಿ ಎಲ್ಲರ ಕಣ್ಣಿಗೆ ಬೀಳುವ ನಡತೆ, ಓದು, ಜಗಳ, ಶ್ರಮ. ಅದನ್ನು ರೆಕ್ಟರ್ ನೋಡಿ ಅಳೆಯಬಹುದು. ಒಳಂಗಳದ ಬಾಗಿಲಿಗೆ ಮಾತ್ರ ಅವರ ಕೈಯಲ್ಲಿ ಕೀಲಿ ಇಲ್ಲ.

ಪೆಟ್ಟು ತಿಂದು ಕಲಿತದ್ದು

ಇದೇನು ಮೊದಲಿಂದ ಎಲ್ಲ ಕಡೆ ಹೀಗೇ ಇತ್ತು ಅಂದುಕೊಳ್ಳಬೇಡಿ. ಸನ್ಯಾಸಿನಿಯರ ಮತ್ತು ಪಾದ್ರಿಗಳಲ್ಲದ ಬ್ರದರುಗಳ ಮಠಗಳಲ್ಲಿ ಕೆಲವು ಮುಖ್ಯಸ್ಥರು 'ನಿನ್ನ ಮನಸ್ಸಿನಲ್ಲಿರೋದನ್ನೆಲ್ಲ ನನಗೆ ಹೇಳು' ಅಂತ ಒತ್ತಾಯ ಮಾಡ್ತಿದ್ದರು. ಭಕ್ತಿಯ ಹೆಸರಲ್ಲಿ ಅದೊಂದು ಹಿಡಿತದ ಅಸ್ತ್ರವಾಗಿತ್ತು. 1890ರಲ್ಲಿ ಪೋಪ್ 13ನೇ ಲಿಯೋ ಕಾಲದ ಆದೇಶ ಅದನ್ನು ನಿಲ್ಲಿಸಿತು. ಮನಸ್ಸು ಬಿಚ್ಚಿಡುವಂತೆ ಅಧೀನರನ್ನು ಯಾವ ಮುಖ್ಯಸ್ಥರೂ ಪುಸಲಾಯಿಸಬಾರದು ಎಂಬ ಮಾತು ಮಠಗಳ ಬಗೆಗಿನ ಇವತ್ತಿನ ಕಾನೂನಿನಲ್ಲೂ ಉಳಿದಿದೆ.

'ಇಲ್ಲಿ ನಾವೆಲ್ಲ ಒಂದೇ ಫ್ಯಾಮಿಲಿ, ಏನೂ ಮುಚ್ಚಿಡಬೇಡಿ' ಅನ್ನುವ ಆಫೀಸುಗಳು ನೆನಪಾದರೆ ತಪ್ಪೇನಿಲ್ಲ.

ಕೆಲಸಗಳನ್ನು ಹೀಗೆ ಹಂಚಿಡುವುದು ಕ್ಯಾಥೊಲಿಕರ ಸ್ವತ್ತೂ ಅಲ್ಲ. ಅನಮೋಡ ಇರುವ ಜಿಲ್ಲೆಯದೇ ಇನ್ನೊಂದು ಮೂಲೆ, ಮುಂಡಗೋಡದ ಟಿಬೆಟಿಯನ್ ಕಾಲೊನಿಗೆ ಹೋಗಿ ನೋಡಿ. ಡ್ರೆಪುಂಗ್, ಗಾಂದೆನ್ ಬೌದ್ಧ ಮಠಗಳಲ್ಲಿ ಮಠಾಧಿಪತಿ ಖೆನ್ಪೊ ಬೇರೆ, ಶಿಸ್ತು ನೋಡುವ ಗೆಕೊ ಬೇರೆ, ಪಠಣಕ್ಕೆ ಮೊದಲ ದನಿ ಎತ್ತುವ ಉಮ್ಜೆ ಬೇರೆ. ನೂರಾರು ಜನ ವರ್ಷಗಟ್ಟಲೆ ಒಂದೇ ಸೂರಿನಡಿ ಬದುಕಬೇಕಾದಾಗ ಎಲ್ಲ ಅಧಿಕಾರ ಒಬ್ಬರಿಗೇ ಕೊಟ್ಟರೆ ಏನಾಗುತ್ತೆ ಅನ್ನೋದು ಎರಡೂ ಪರಂಪರೆಗಳಿಗೆ ಗೊತ್ತಿರುವಂತಿದೆ.

ಏಳೆಂಟು ವರ್ಷದ ನಂತರ 'ಬೇಡ' ಅನ್ನೋದು

ಈ ನಿಯಮ ಕಾಗದದ ಮೇಲೆ ಚೆಂದ. ಆದರೆ ಇದರ ಬೆಲೆ ಏನು ಅಂತ ಗೊತ್ತಾಗೋದು ಒಬ್ಬ ಹುಡುಗ ಪೆಟ್ಟಿಗೆ ಹಿಡಿದು ಮನೆಗೆ ಹೊರಟಾಗ. ಊರಿನ ಚರ್ಚಿನಲ್ಲಿ ಎಲ್ಲರೂ ಅವನನ್ನು 'ಬ್ರದರ್' ಅಂದಿರುತ್ತಾರೆ. ಅಮ್ಮ ನೆಂಟರಿಗೆಲ್ಲ ಹೇಳಿ ಮುಗಿಸಿರುತ್ತಾಳೆ. ಓರಗೆಯವರು ಡಿಗ್ರಿ ಮುಗಿಸಿ, ಕೆಲಸ ಹಿಡಿದು, ಮದುವೆಯನ್ನೂ ಆಗಿರುತ್ತಾರೆ. ಅವನ ಕೈಯಲ್ಲಿ ತತ್ತ್ವಶಾಸ್ತ್ರದ ಸರ್ಟಿಫಿಕೇಟ್.

ಹೀಗೆ ಬಂದವನಿಗೆ ಒಂದು ಸಮಾಧಾನವಾದರೂ ಇರಬೇಕು: ನಾನು ನಂಬಿ ಹೇಳಿದ ಮಾತಿನಿಂದ ನನ್ನನ್ನು ಕಳಿಸಲಿಲ್ಲ. ಆ ಭರವಸೆ ಒಬ್ಬನ ವಿಷಯದಲ್ಲಿ ಮುರಿದರೂ ಉಳಿದವರೆಲ್ಲ ಮರುದಿನದಿಂದಲೇ ಬಾಯಿ ಹೊಲಿದುಕೊಳ್ಳುತ್ತಾರೆ. ಆಮೇಲೆ ನಿರ್ದೇಶಕರ ಮುಂದೆ ಕೂರೋದು ಬರೀ ಒಳ್ಳೆ ಹುಡುಗನ ಮುಖವಾಡ. ಒಳಗಿನ ತೊಂದರೆ ಒಳಗೇ ಬೆಳೆದು, ಮುಂದೆ ಒಂದು ಊರಿನ ಚರ್ಚಿನಲ್ಲಿ ಸಿಡಿಯಬಹುದು.

ಇನ್ನೊಂದು ಕಡೆಯ ಕಷ್ಟವೂ ಇದೆ. ಹುಡುಗ ಈ ಕೆಲಸಕ್ಕೆ ಸರಿಹೋಗಲ್ಲ ಅಂತ ನಿರ್ದೇಶಕರಿಗೆ ಖಚಿತವಾಗಿರುತ್ತೆ. ರೆಕ್ಟರ್‌ಗೆ ಗೊತ್ತಿಲ್ಲ. ಆಗಲೂ ಹೋಗಿ ಹೇಳುವಂತಿಲ್ಲ. ಅವರು ಮಾಡಬಹುದಾದ್ದು ಒಂದೇ: ಹುಡುಗನ ಜೊತೆಗೇ ಮತ್ತೆ ಮತ್ತೆ ಕೂತು, ಅವನೇ ತನ್ನ ಕಾಲ ಮೇಲೆ ನಡೆದು ಹೊರಗೆ ಹೋಗುವ ಧೈರ್ಯ ತುಂಬುವುದು. ಆದೇಶ ಕೊಡುವ ಅಧಿಕಾರವಿಲ್ಲದೆ ಒಬ್ಬರನ್ನು ದಾರಿಗೆ ಹಚ್ಚೋದು ಆದೇಶ ಕೊಡೋದಕ್ಕಿಂತ ಕಷ್ಟದ ಲೀಡರ್‌ಶಿಪ್.

ಗುಟ್ಟಿಗೂ ಒಂದು ಗಡಿ

'ಗುಟ್ಟು' ಅನ್ನೋ ಪದ ಕೇಳಿದ ಕೂಡಲೇ ನಿಮಗೊಂದು ಪ್ರಶ್ನೆ ಬಂದಿರಬಹುದು. ತಪ್ಪು ಮುಚ್ಚಿಹಾಕೋಕೂ ಇದೇ ನೆಪ ಆಗಲ್ಲವಾ? ಕೇಳಲೇಬೇಕಾದ ಪ್ರಶ್ನೆ. ಕಿರಿಯರ ಸೆಮಿನರಿಗಳಲ್ಲಿ 18 ತುಂಬದ ಹುಡುಗರೂ ಇರುತ್ತಾರೆ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಎಂದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಪಾದ್ರಿಗಳಿಗೆ ಅಂತ ಅದರಲ್ಲಿ ಬೇರೆ ವಿನಾಯಿತಿ ಇಲ್ಲ. ತನ್ನ ಕೈಕೆಳಗಿನವರು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದ ತನಕ ಜೈಲು. ಇತ್ತ, ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆ ಹೇಳುವ ಪಾದ್ರಿಗೆ ಧರ್ಮಸಭೆಯಿಂದಲೇ ಬಹಿಷ್ಕಾರ. ಎರಡು ಕಾನೂನುಗಳು ಇಲ್ಲಿ ಎದುರಾಬದುರಾ ನಿಂತಿವೆ.

ಆದರೆ ಒಂದು ಮಾತು ಸ್ಪಷ್ಟ. ಒಳಂಗಳಕ್ಕೆ ಬೇಲಿ ಹಾಕಿದ್ದು ಕೈಯಲ್ಲಿ ಅಧಿಕಾರ ಇಲ್ಲದವರನ್ನು ಕಾಯೋಕೆ. ಅಧಿಕಾರ ಇದ್ದವರ ತಪ್ಪು ಕಾಯೋಕೆ ಅದನ್ನು ಬಳಸಿದರೆ ಬೇಲಿಯೇ ಹೊಲ ಮೇಯ್ದ ಹಾಗೆ.

ನಮ್ಮ ಟೀಮಿಗೆ ಏನು?

ನಾವು ಯಾರೂ ಪಾದ್ರಿಯಾಗಲು ಹೊರಟಿಲ್ಲ, ಸರಿ. ಆದರೆ 28ಕ್ಕೇ ಐದು ಜನರ ಟೀಮ್ ಕೈಗೆ ಬಂದಿರುತ್ತೆ. ರೇಟಿಂಗ್ ಕೊಡುವವರು ನೀವೇ ಆಗಿದ್ದರೆ, ಟೀಮಿನ ಹುಡುಗಿ ಮನೆಯ ಕಷ್ಟ ಹೇಳೋಕೆ ಬಂದಾಗ ಮೊದಲೇ ಹೇಳಿಬಿಡಿ: 'ನೋಡಮ್ಮಾ, ನಿನ್ನ ಅಪ್ರೈಸಲ್ ಬರೆಯೋನು ನಾನೇ. ರಜೆ, ಕೆಲಸದ ಹೊರೆ ಬಗ್ಗೆ ನನ್ನ ಹತ್ರ ಹೇಳು. ಉಳಿದಿದ್ದಕ್ಕೆ ನನಗಿಂತ ಬೇರೆಯವರು ಒಳ್ಳೇದು.' ಇದು ನಿಷ್ಠುರ ಅನಿಸಬಹುದು. ಆದರೆ ಪ್ರಾಮಾಣಿಕ.

ನೀವೇ ಹೇಳಿಕೊಳ್ಳುವವರಾದರೆ, ನಿಮ್ಮ ರಿಪೋರ್ಟಿಂಗ್ ಸಾಲಿನ ಹೊರಗಿನ ಒಬ್ಬರನ್ನು ಹುಡುಕಿಕೊಳ್ಳಿ. ಹಳೇ ಸೀನಿಯರ್ ಆಗಬಹುದು, ಕೌನ್ಸೆಲರ್ ಆಗಬಹುದು. ನಿಮ್ಮ ಇನ್‌ಕ್ರಿಮೆಂಟ್ ಅವರ ಕೈಯಲ್ಲಿ ಇರಬಾರದು, ಅಷ್ಟೆ.

ಮತ್ತೆ ರಾಚೋಲ್‌ಗೆ ಹೋಗಿ ಮುಗಿಸೋಣ. ಮುಂಬೈಯ ಬಾಂದ್ರಾ, ನವಿ ಮುಂಬೈಯ ವಾಶಿಯಲ್ಲಿ 'ಫಾದರ್ ಆಗ್ನೆಲ್' ಹೆಸರಿನ ಕಾಲೇಜುಗಳನ್ನು ನೀವು ನೋಡಿರಬಹುದು, ಅಲ್ಲೇ ಎಂಜಿನಿಯರಿಂಗ್ ಓದಿದ ಗೆಳೆಯರೂ ಇರಬಹುದು. ಆ ಆಗ್ನೆಲ್ ಡಿಸೋಜಾ ಗೋವಾದ ಅಂಜುಣದಲ್ಲಿ 1869ರಲ್ಲಿ ಹುಟ್ಟಿದವರು. ನಮ್ಮ ಕುಮಟಾದಲ್ಲೂ ಕೆಲಕಾಲ ಸೇವೆ ಮಾಡಿದವರು. 1918ರಿಂದ 1927ರ ನವೆಂಬರ್ 20ರಂದು ತೀರಿಕೊಳ್ಳುವ ತನಕ ರಾಚೋಲ್ ಸೆಮಿನರಿಯಲ್ಲಿದ್ದರು. 1986ರಲ್ಲಿ ಪೋಪ್ 2ನೇ ಜಾನ್ ಪಾಲ್ ಅವರನ್ನು 'ಪೂಜ್ಯ' ಎಂದು ಘೋಷಿಸಿದರು. ಸಂತ ಪದವಿಯ ದಾರಿಯಲ್ಲಿ ಅದೊಂದು ಮೆಟ್ಟಿಲು.

ರಾಚೋಲ್‌ನಲ್ಲಿ ಆ ಒಂಬತ್ತು ವರ್ಷ ಅವರು ರೆಕ್ಟರ್ ಆಗಿರಲಿಲ್ಲ. ಆಧ್ಯಾತ್ಮಿಕ ನಿರ್ದೇಶಕರಾಗಿದ್ದರು. ಹುಡುಗರ ಮಾತು ಕೇಳುವುದು ಅವರ ಕೆಲಸ.

ನೀವು ನಂಬಿ ಹೇಳಿದ ಮಾತನ್ನು ಇವತ್ತಿಗೂ ಯಾರಿಗೂ ಬಿಟ್ಟುಕೊಡದ ಒಬ್ಬರು ನಿಮ್ಮ ಜೀವನದಲ್ಲೂ ಇರಬಹುದು. ಅವರ ಬಗ್ಗೆ ನಾಲ್ಕು ಸಾಲು ನಮ್ಮ ಓದುಗರ ಅಂಕಣಕ್ಕೆ ಬರೆಯಿರಿ. ಗುಟ್ಟು ಏನಿತ್ತು ಅಂತ ಮಾತ್ರ ಬರೆಯಬೇಡಿ!