ಹತ್ತು ಕಾಳು ಅಕ್ಕಿ, ಒಂದು ಪದ

ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಮ್ಮ ಹಾಸ್ಟೆಲಿನಲ್ಲಿ ಎರಡು ಗುಂಪುಗಳಿದ್ದವು. ಜಿಆರ್‌ಇ ಬರೆದು ಅಮೆರಿಕಕ್ಕೆ ಹೊರಟವರದ್ದು ಒಂದು, ಗೇಟ್ ಬರೆದು ಎಂ.ಟೆಕ್ ಸೇರಬೇಕೆಂದವರದ್ದು ಇನ್ನೊಂದು. ನಾನು ಎರಡನೆಯ ಗುಂಪಿನವನು. ಆದರೂ ಮೊದಲ ಗುಂಪಿನವರ ಒಂದು ಚಟ ನನಗೂ ಅಂಟಿಕೊಂಡಿತು. ಅದೇ ಫ್ರೀರೈಸ್ ಎಂಬ ಪದಗಳ ಆಟ.

ಆಟ ಸರಳವಾದದ್ದು. ಪರದೆಯ ಮೇಲೆ ಒಂದು ಇಂಗ್ಲಿಷ್ ಪದ, ಅದರ ಕೆಳಗೆ ನಾಲ್ಕು ಅರ್ಥಗಳು. ಸರಿಯಾದದ್ದನ್ನು ಒತ್ತಿದರೆ ಪಕ್ಕದಲ್ಲಿರುವ ಬಟ್ಟಲಿನ ಚಿತ್ರಕ್ಕೆ ಹತ್ತು ಕಾಳು ಅಕ್ಕಿ ಬೀಳುತ್ತಿತ್ತು. ಅಷ್ಟು ಅಕ್ಕಿಯ ಹಣ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಹೋಗುತ್ತಿತ್ತು. ಹಣ ಕೊಡುವವರು ನಾವಲ್ಲ, ಪುಟದಲ್ಲಿ ಜಾಹೀರಾತು ಹಾಕಿದವರು. ನಮ್ಮಿಂದ ಖರ್ಚಾಗುತ್ತಿದ್ದದ್ದು ಸಮಯ ಮಾತ್ರ. ಹಾಸ್ಟೆಲಿನಲ್ಲಿ ಅದಕ್ಕೇನೂ ಬರವಿರಲಿಲ್ಲ.

ಇದನ್ನು ಕಟ್ಟಿದವರು ಜಾನ್ ಬ್ರೀನ್ ಎಂಬ ಅಮೆರಿಕದ ಪ್ರೋಗ್ರಾಮರ್. ಕಾಲೇಜು ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಮಗನಿಗೆ ಪದಗಳನ್ನು ಕಲಿಸಲು ಹೊರಟಾಗ ಹೊಳೆದ ಉಪಾಯ ಅದು. 2007ರ ಅಕ್ಟೋಬರ್ 7ರಂದು ಆಟ ಶುರುವಾಯಿತು. ಮೊದಲ ದಿನ ಜಮೆಯಾದದ್ದು 830 ಕಾಳು, ಅಂದರೆ ಒಂದು ಹಿಡಿಯೂ ಇಲ್ಲ. ಬಾಯಿಂದ ಬಾಯಿಗೆ ಸುದ್ದಿ ಹರಡಿ ಕೆಲವೇ ವಾರಗಳಲ್ಲಿ ಲೆಕ್ಕ ಕೋಟಿಗಳನ್ನು ದಾಟಿತು. ಮೊದಲ ಕಂತಿನ ಅಕ್ಕಿ ಬಾಂಗ್ಲಾದೇಶದಲ್ಲಿದ್ದ ಮ್ಯಾನ್ಮಾರ್ ನಿರಾಶ್ರಿತರ ತಟ್ಟೆ ಸೇರಿತು. 2009ರಲ್ಲಿ ಬ್ರೀನ್ ಆಟವನ್ನೇ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಒಪ್ಪಿಸಿಬಿಟ್ಟರು. 2020ರಲ್ಲಿ ಆ ಸಂಸ್ಥೆಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ, ಹಾಸ್ಟೆಲಿನ ಹಳೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾವೆಲ್ಲ ನಮಗೇ ಬಂದಷ್ಟು ಬೀಗಿದ್ದೆವು.

ಆಗ ನನಗೆ ಹಿಡಿಸಿದ್ದು ದಾನಕ್ಕಿಂತ ಅದರ ಒಳಗಿನ ತರ್ಕ. ಸತತವಾಗಿ ಮೂರು ಉತ್ತರ ಸರಿಯಾದರೆ ಒಂದು ಮೆಟ್ಟಿಲು ಮೇಲೆ, ಒಂದು ತಪ್ಪಿದರೆ ಒಂದು ಮೆಟ್ಟಿಲು ಕೆಳಗೆ. ತಪ್ಪಿದ ಪದ ಅಲ್ಲಿಗೇ ಬಿಡುವುದಿಲ್ಲ, ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಎದುರು ನಿಲ್ಲುತ್ತದೆ. ಹೀಗಾಗಿ ಪ್ರತಿಯೊಬ್ಬರೂ ತಮ್ಮ ತಿಳಿವಳಿಕೆಯ ಅಂಚಿನಲ್ಲೇ ಆಡುತ್ತಿರುತ್ತಾರೆ. ನಾನು 40ನೇ ಮೆಟ್ಟಿಲಿನ ಆಸುಪಾಸಿನಲ್ಲಿ ಏರಿ ಇಳಿಯುತ್ತಿದ್ದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಅದು ಸಣ್ಣ ಹೆಮ್ಮೆಯಾಗಿರಲಿಲ್ಲ.

ಈಗ ಹೈದರಾಬಾದಿನಲ್ಲಿದ್ದೇನೆ. ಕಳೆದ ವರ್ಷ ಎಂಟು ವರ್ಷದ ಮಗಳಿಗೆ ಆ ಆಟ ತೋರಿಸಿದೆ. ಅವಳು ಮೊದಲು ಕೇಳಿದ್ದೇ, ‘ಹತ್ತು ಕಾಳಿಗೆ ಯಾರಿಗೆ ಹೊಟ್ಟೆ ತುಂಬುತ್ತೆ ಅಪ್ಪಾ?’ ಇಬ್ಬರೂ ಕೂತು ಲೆಕ್ಕ ಹಾಕಿದೆವು. ದಪ್ಪ ಅಕ್ಕಿಯಾದರೆ ಒಂದು ಗ್ರಾಂಗೆ ಸುಮಾರು 50 ಕಾಳು. ಒಬ್ಬರಿಗೆ ದಿನಕ್ಕೆ 400 ಗ್ರಾಂ ಎಂದಿಟ್ಟುಕೊಂಡರೆ 20,000 ಕಾಳು, ಅಂದರೆ 2,000 ಸರಿಯುತ್ತರ. ಒಂದಕ್ಕೆ ಆರು ಸೆಕೆಂಡ್ ಹಿಡಿದರೂ ಮೂರು ಗಂಟೆ ಇಪ್ಪತ್ತು ನಿಮಿಷ. ಅಷ್ಟು ಅಕ್ಕಿಗೆ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ. ‘ಹಾಗಾದ್ರೆ ಇಪ್ಪತ್ತು ರೂಪಾಯಿನೇ ಕೊಟ್ಟುಬಿಡಬಹುದಲ್ಲ?’ ಎಂದಳು. ಮಾತು ನಿಜ. ದಾನವಷ್ಟೇ ಗುರಿಯಾದರೆ ನಮ್ಮಂಥ ಸಂಬಳದಾರರು ಪದ ಗುದ್ದಾಡುತ್ತ ಕೂರುವ ಅಗತ್ಯವೇ ಇಲ್ಲ. ಲಕ್ಷಾಂತರ ಜನ ಸೇರಿದಾಗ ಮಾತ್ರ ಕಾಳು ಚೀಲವಾಗುತ್ತದೆ. ಒಬ್ಬೊಬ್ಬರ ಕೈಯಲ್ಲಿ ಉಳಿಯುವುದು ಪದ.

ಆ ಪದದ ವಿಷಯದಲ್ಲೇ ನಾನು ಸಿಕ್ಕಿಬಿದ್ದೆ.

ಅದೇ ವಾರ ಒಂದು ರಾತ್ರಿ ಊಟ ಮಾಡುವಾಗ ಮಗಳು, ‘ಅಪ್ಪಾ, ನಿನ್ನ ಶರ್ಟ್ ಮೇಲೆ ಮೆತುಕು ಬಿದ್ದಿದೆ’ ಎಂದಳು. ಮೆತುಕು ತೆಲುಗಿನ ಪದ, ಬೆಂದ ಅನ್ನದ ಒಂದು ಕಾಳು. ಇಲ್ಲಿಗೆ ಹತ್ತಿರದ ಮೆದಕ್ ಊರಿನ ಹೆಸರೂ ಅದರಿಂದಲೇ ಬಂದದ್ದು ಎನ್ನುತ್ತಾರೆ. ‘ಮನೆಯಲ್ಲಿ ಕನ್ನಡ ಮಾತಾಡು’ ಎಂದು ಅಭ್ಯಾಸಬಲದಿಂದ ಗದರಿದೆ. ‘ಸರಿ, ಕನ್ನಡದಲ್ಲಿ ಏನಂತಾರೆ?’ ಎಂದಳು.

ನನಗೆ ಹೊಳೆಯಲಿಲ್ಲ. ಅನ್ನದ ಕಾಳು ಎಂದೆ. ಅದು ಪದವಲ್ಲ, ವಿವರಣೆ ಎಂದು ನನಗೇ ಗೊತ್ತಿತ್ತು. ಇಂಗ್ಲಿಷ್ ಪದಗಳಿಂದ ಸಾವಿರಾರು ಕಾಳು ಅಕ್ಕಿ ಗಳಿಸಿದವನಿಗೆ ತಟ್ಟೆಯಲ್ಲಿದ್ದ ಒಂದು ಕಾಳಿನ ಹೆಸರು ಬರಲಿಲ್ಲ. ಎದ್ದು ಕೈ ತೊಳೆದು ಅಮ್ಮನಿಗೆ ಫೋನ್ ಮಾಡಿದೆ.

‘ಅಗುಳು ಕಣೋ’ ಎಂದರು ಅಮ್ಮ. ‘ಒಂದಗುಳೂ ಬಿಡಬೇಡ ಅಂತ ದಿನಾ ಬೈಸ್ಕೊಂಡೇ ಬೆಳೆದೆಯಲ್ಲ!’

ಅನ್ನ ಬೆಂದಿದೆಯೋ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕು ಎಂಬ ಗಾದೆ ಆಗ ನೆನಪಾಯಿತು. ನನ್ನ ಕನ್ನಡ ಎಷ್ಟು ಉಳಿದಿದೆ ಎಂದು ನೋಡುವುದಕ್ಕೂ ಆ ಒಂದೇ ಸಾಕಾಯಿತು. ಆಫೀಸಿನಲ್ಲಿ ಇಂಗ್ಲಿಷ್, ರಸ್ತೆಯಲ್ಲಿ ತೆಲುಗು-ಹಿಂದಿ, ಮನೆಯಲ್ಲಿ ಕನ್ನಡ ಎಂದುಕೊಂಡಿದ್ದೆ. ಆದರೆ ಮನೆಯ ಕನ್ನಡ ‘ಊಟ ಆಯ್ತಾ, ಹೋಂವರ್ಕ್ ಮುಗೀತಾ, ಲೈಟ್ ಆಫ್ ಮಾಡು’ಗಳಲ್ಲೇ ಸುತ್ತುತ್ತಿತ್ತು. ಬಳಸದ ಪದ ಗಲಾಟೆ ಮಾಡಿ ಹೋಗುವುದಿಲ್ಲ. ಯಾರಾದರೂ ಕೇಳುವ ತನಕ ಹೋದದ್ದೇ ತಿಳಿಯುವುದಿಲ್ಲ.

ಹಾಗೆ ನಮ್ಮ ಮನೆಯ ಆಟ ಶುರುವಾಯಿತು. ಭಾನುವಾರ ಬೆಳಿಗ್ಗೆ ವಿಡಿಯೊ ಕಾಲ್‌ನಲ್ಲಿ ಅಮ್ಮ ಒಂದು ಪದ ಹೇಳಿ ನಾಲ್ಕು ಅರ್ಥ ಕೊಡುತ್ತಾರೆ. ಸರಿಯುತ್ತರಕ್ಕೆ ಮಗಳ ಕೈಯಲ್ಲಿ ಒಂದು ಹಿಡಿ ಅಕ್ಕಿ ಸ್ಟೀಲ್ ಡಬ್ಬಕ್ಕೆ. ತಪ್ಪಿದ ಪದ ಮುಂದಿನ ವಾರ ಮತ್ತೆ ಬರುತ್ತದೆ. ಅದು ಬ್ರೀನ್ ಅವರಿಂದ ಎರವಲು ಪಡೆದ ನಿಯಮ. ಹಿಡಿಯ ಲೆಕ್ಕ ಮಾತ್ರ ನಮ್ಮ ಅಜ್ಜಿಯದು. ಅಡುಗೆಗೆ ಅಕ್ಕಿ ಅಳೆಯುವ ಮುಂಚೆ ಒಂದು ಹಿಡಿ ಬೇರೆ ಮಡಕೆಗೆ ಹಾಕುವ ರೂಢಿ ಅನೇಕ ಮನೆಗಳಲ್ಲಿತ್ತು. ತುಂಬಿದ ಮೇಲೆ ಅದು ಮಠಕ್ಕೋ ಓದುವ ಬಡ ಹುಡುಗರಿಗೋ ಹೋಗುತ್ತಿತ್ತು. ಮಗಳ ಹಿಡಿಯನ್ನು ತೂಗಿ ನೋಡಿದೆ, 25 ಗ್ರಾಂ. ಫ್ರೀರೈಸ್ ಲೆಕ್ಕದಲ್ಲಿ 125 ಸರಿಯುತ್ತರ.

ನುಚ್ಚು, ತೌಡು, ನೆಲುವು, ಕಣಜ, ಗುಡಾಣ. ಬಸಿಯುವುದು, ತಳಿಸುವುದು, ಕೇರುವುದು. ಕೇರುವುದಕ್ಕೆ ಇಂಗ್ಲಿಷಿನಲ್ಲಿ ವಿನ್ನೋ ಎಂದು ನನಗೆ ಗೊತ್ತಿತ್ತು, ಹಾಸ್ಟೆಲಿನಲ್ಲಿ ಹತ್ತು ಕಾಳು ಗೆದ್ದ ಪದ. ಕನ್ನಡದ ಪದಕ್ಕೆ ಮಾತ್ರ ಅಮ್ಮ ಮೊರ ಹಿಡಿದು ಕ್ಯಾಮೆರಾದ ಮುಂದೆ ಕೇರಿ ತೋರಿಸಬೇಕಾಯಿತು. ಅರ್ಧ ಪದಗಳಿಗೆ ನಾನೂ ಮಗಳೂ ಒಟ್ಟಿಗೇ ತಪ್ಪುತ್ತೇವೆ. ಅವಳಿಗೆ ಅದರಲ್ಲೇ ಹೆಚ್ಚು ಸಂತೋಷ.

ಮೊದಲ ಡಬ್ಬ ತುಂಬಿದಾಗ ಅದನ್ನು ನಮ್ಮ ಅಪಾರ್ಟ್‌ಮೆಂಟಿನ ಹಿಂದಿರುವ ಶೆಡ್‌ಗೆ ಒಯ್ದೆವು. ಪಕ್ಕದಲ್ಲಿ ಕಟ್ಟುತ್ತಿರುವ ಕಟ್ಟಡದ ಕೂಲಿಕಾರರ ಮಕ್ಕಳನ್ನು ಹಗಲು ನೋಡಿಕೊಳ್ಳುವ, ಕೆಲವರು ಸೇರಿ ನಡೆಸುವ ಜಾಗ ಅದು. ನಾನು ತೆಲುಗಿನಲ್ಲಿ ಮಾತು ಶುರುಮಾಡಿದೆ. ಅಡುಗೆಯ ಹೆಂಗಸು ಮಗಳ ಜತೆ ನಾನಾಡಿದ ಕನ್ನಡ ಕೇಳಿ, ‘ಯಾವೂರ್ರೀ ನಿಮ್ದು? ನಮ್ದು ಯಾದಗಿರಿ ಕಡೀದ್ರಿ’ ಎಂದರು. ಎರಡು ವರ್ಷ ದಿನಾ ಆ ಶೆಡ್ ದಾಟಿ ಆಫೀಸಿಗೆ ಹೋಗಿದ್ದೆ. ಅಲ್ಲಿ ಕನ್ನಡವಿದೆ ಎಂದು ಗೊತ್ತೇ ಇರಲಿಲ್ಲ.

ಮಾತಾಡುತ್ತಲೇ ಅವರು ಊಟಕ್ಕೆ ಕೂತಿದ್ದ ಹುಡುಗನೊಬ್ಬನ ಕಡೆ ತಿರುಗಿ, ‘ಅಗಳು ಚೆಲ್ಲಬ್ಯಾಡೋ, ಪೂರಾ ಉಣ್ಣು’ ಎಂದರು. ಮಗಳು ನನ್ನ ಕೈ ಜಗ್ಗಿ ಪಿಸುಗುಟ್ಟಿದಳು: ‘ಅಪ್ಪಾ, ಅಜ್ಜಿ ಪದ!’

ಫ್ರೀರೈಸನ್ನೂ ನಾವು ಬಿಟ್ಟಿಲ್ಲ. ಮಗಳ ಇಂಗ್ಲಿಷಿಗೆ ಅದೂ ಬೇಕು. ಭಾನುವಾರ ಮಾತ್ರ ಅಜ್ಜಿಗೆ ಮೀಸಲು. ಈ ವಾರ ಅಮ್ಮ ಕೊಟ್ಟಿರುವ ಪದ ‘ಸಿಬ್ಬಲು’. ನಮ್ಮ ಮನೆಯಲ್ಲಿ ಇನ್ನೂ ಯಾರಿಗೂ ಹೊಳೆದಿಲ್ಲ. ನಿಮಗೆ ಗೊತ್ತಿದ್ದರೆ ಒಂದು ಹಿಡಿ ಅಕ್ಕಿ ಪಕ್ಕಕ್ಕೆ ತೆಗೆದಿಡಿ. ಗೊತ್ತಿಲ್ಲದಿದ್ದರೆ ಊರಿಗೊಂದು ಫೋನ್ ಮಾಡಿ.