ಹಾದಿ ಸವಾರಿಗೆ ನಾಲ್ಕು ಚಕ್ರ ಚಾಲನೆಯ ಎಟಿವಿಗಳ ಆಯ್ಕೆ

ಎಟಿವಿ ಎಂಬುದು ‘ಆಲ್ ಟೆರೇನ್ ವೆಹಿಕಲ್’ ಎಂಬ ಇಂಗ್ಲಿಷ್ ಹೆಸರಿನ ಹ್ರಸ್ವರೂಪ. ಕಡಿಮೆ ಗಾಳಿಯೊತ್ತಡದ ದಪ್ಪ ಟಯರುಗಳು, ಕುದುರೆಯ ಮೇಲೆ ಕುಳಿತಂತೆ ಕಾಲುಗಳನ್ನು ಇಬ್ಬದಿಗೆ ಹಾಕಿ ಕೂರುವ ಆಸನ ಹಾಗೂ ಮೋಟಾರ್ ಸೈಕಲ್ಲಿನಂತಹ ಹ್ಯಾಂಡಲ್ ಇದರ ಲಕ್ಷಣಗಳು. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ಇದು ಹೊಲಗೆಲಸಕ್ಕೂ, ಬೇಟೆಗೂ, ಕಾಡು ಮತ್ತು ಬೆಟ್ಟಗಳ ಹಾದಿಗಳಲ್ಲಿ ಸವಾರಿ ಮಾಡುವ ಹವ್ಯಾಸಕ್ಕೂ ಬಳಕೆಯಾಗುತ್ತದೆ. ಇಂತಹ ಸವಾರಿಗೆ ವಾಹನವನ್ನು ಆರಿಸುವವರ ಮುಂದೆ ಸಾಮಾನ್ಯವಾಗಿ ಎರಡು ಬಗೆಯ ರಚನೆಗಳಿರುತ್ತವೆ. ಹೊಂಡಾ ಕಂಪನಿಯ ಫೋರ್‌ಟ್ರ್ಯಾಕ್ಸ್ ರಾಂಚರ್ 420 ಮತ್ತು ಪೊಲಾರಿಸ್ ಕಂಪನಿಯ ಸ್ಪೋರ್ಟ್ಸ್‌ಮನ್ 570 ಈ ಎರಡು ಬಗೆಗಳಿಗೆ ಒಳ್ಳೆಯ ಉದಾಹರಣೆಗಳು. ಇವುಗಳ ನಡುವಿನ ಮುಖ್ಯ ವ್ಯತ್ಯಾಸವಿರುವುದು ಎಂಜಿನ್ನಿನ ಗಾತ್ರದಲ್ಲಿ ಅಲ್ಲ. ಎಂಜಿನ್ನಿನ ಬಲವು ಚಕ್ರಗಳನ್ನು ತಲುಪುವ ರೀತಿಯಲ್ಲಿ.

ಹಿನ್ನೆಲೆ

ಚಳಿಗಾಲದಲ್ಲಿ ಮೋಟಾರ್ ಸೈಕಲ್ಲುಗಳ ಮಾರಾಟ ಕುಸಿಯುತ್ತಿದ್ದುದರಿಂದ, ಆ ತಿಂಗಳುಗಳಲ್ಲಿ ಮಾರಬಹುದಾದ ವಾಹನವೊಂದು ಬೇಕೆಂದು ಅಮೆರಿಕದಲ್ಲಿನ ಹೊಂಡಾ ಶಾಖೆ ಬಯಸಿತು. ಎಂಜಿನಿಯರ್ ಒಸಾಮು ತಾಕೆಯುಚಿ ರೂಪಿಸಿದ ಮೂರು ಚಕ್ರದ ಯುಎಸ್ 90 ಎಂಬ ವಾಹನ 1970ರಲ್ಲಿ ಮಾರುಕಟ್ಟೆಗೆ ಬಂದಿತು. ಮುಂದೆ ಅದು ಎಟಿಸಿ 90 ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಬಲೂನಿನಂತಹ ಟಯರುಗಳ ಈ ವಾಹನ ಮರಳಿನಲ್ಲೂ ಹಿಮದಲ್ಲೂ ಹೂತುಕೊಳ್ಳದೆ ಓಡುತ್ತಿತ್ತು, ಆದರೆ ತಿರುವುಗಳಲ್ಲಿ ಸುಲಭವಾಗಿ ಮಗುಚುತ್ತಿತ್ತು. ಸುಜುಕಿ ಕಂಪನಿ 1982ರಲ್ಲಿ ನಾಲ್ಕು ಚಕ್ರದ ಎಟಿವಿಯನ್ನು ಹೊರತಂದಿತು. 1986ರಲ್ಲಿ ಬಂದ ಹೊಂಡಾದ ಟಿಆರ್‌ಎಕ್ಸ್ 350 ನಾಲ್ಕೂ ಚಕ್ರಗಳಿಗೆ ಚಾಲನೆಯಿದ್ದ ಆರಂಭದ ಎಟಿವಿಗಳಲ್ಲಿ ಒಂದು.

ಪೊಲಾರಿಸ್ ಬಂದ ದಾರಿ ಬೇರೆ. 1954ರಲ್ಲಿ ಮಿನ್ನೆಸೋಟ ರಾಜ್ಯದ ರೋಸೋ ಎಂಬ ಊರಿನಲ್ಲಿ ಆರಂಭವಾದ ಈ ಕಂಪನಿ ಹೆಸರು ಗಳಿಸಿದ್ದು ಹಿಮದ ಮೇಲೆ ಓಡುವ ಸ್ನೋಮೊಬೈಲುಗಳಿಂದ. ಸ್ನೋಮೊಬೈಲಿನಲ್ಲಿ ಗೇರುಗಳಿರುವುದಿಲ್ಲ, ರಬ್ಬರ್ ಬೆಲ್ಟು ಇರುತ್ತದೆ. 1985ರಲ್ಲಿ ಪೊಲಾರಿಸ್ ತನ್ನ ಮೊದಲ ಎಟಿವಿಯನ್ನು ತಯಾರಿಸಿದಾಗ ಅದೇ ಬೆಲ್ಟನ್ನು ಅದಕ್ಕೂ ಅಳವಡಿಸಿತು. ಒಂದು ಕಂಪನಿ ಮೋಟಾರ್ ಸೈಕಲ್ಲಿನಿಂದ, ಇನ್ನೊಂದು ಸ್ನೋಮೊಬೈಲಿನಿಂದ ಈ ಕ್ಷೇತ್ರಕ್ಕೆ ಬಂದುದರ ಗುರುತು ಅವುಗಳ ವಾಹನಗಳಲ್ಲಿ ಇಂದಿಗೂ ಕಾಣುತ್ತದೆ.

ಹಾದಿಗಳ ಸ್ವರೂಪ

ವೆಸ್ಟ್ ವರ್ಜೀನಿಯಾ ರಾಜ್ಯದ ಹ್ಯಾಟ್‌ಫೀಲ್ಡ್–ಮೆಕಾಯ್ ಹಾದಿಗಳು ಕಲ್ಲಿದ್ದಲು ಮತ್ತು ಮರದ ಕಂಪನಿಗಳ ಜಮೀನಿನಲ್ಲಿ ಹಾದುಹೋಗುತ್ತವೆ. 2000ದಲ್ಲಿ ತೆರೆದ ಈ ಜಾಲದ ಒಟ್ಟು ಉದ್ದ ಇಂದು 1,000 ಮೈಲಿಗೂ ಹೆಚ್ಚು. ಇಲ್ಲಿ ಜೇಡಿಮಣ್ಣಿನ ಕೆಸರು, ಮರದ ಬೇರುಗಳು ಮತ್ತು ಕಡಿದಾದ ಏರಿಳಿತಗಳೇ ಹೆಚ್ಚು. ಯೂಟಾ ರಾಜ್ಯದ ಪಯೂಟ್ ಹಾದಿಯ ಸ್ವಭಾವವೇ ಬೇರೆ: 275 ಮೈಲಿಗಳ ಒಂದು ದೊಡ್ಡ ಸುತ್ತು, 10,000 ಅಡಿ ಮೀರಿದ ಬೆಟ್ಟಗಳು, ಒಣ ಧೂಳು, ಸಡಿಲ ಕಲ್ಲು. ಮೊದಲನೆಯ ಕಡೆ ಚಕ್ರದ ಹಿಡಿತವೇ ಪ್ರಶ್ನೆಯಾದರೆ, ಎರಡನೆಯ ಕಡೆ ದಿನವಿಡೀ ಕುಲುಕಾಟವನ್ನು ಸಹಿಸುವ ಬೆನ್ನಿನ ಪ್ರಶ್ನೆಯೂ ಇರುತ್ತದೆ. ಅಮೆರಿಕದ ಅರಣ್ಯ ಇಲಾಖೆಯ ಅನೇಕ ಹಾದಿಗಳಲ್ಲಿ 50 ಅಂಗುಲಕ್ಕಿಂತ ಅಗಲವಾದ ವಾಹನಗಳಿಗೆ ಪ್ರವೇಶವಿಲ್ಲ. ರಾಂಚರ್ ಮತ್ತು ಸ್ಪೋರ್ಟ್ಸ್‌ಮನ್ ಎರಡೂ ಈ ಮಿತಿಯೊಳಗೇ ಇರುವುದರಿಂದ ಅಗಲವು ಆಯ್ಕೆಯಲ್ಲಿ ಅಡ್ಡಿಯಾಗುವುದಿಲ್ಲ.

ಬಲ ಚಕ್ರವನ್ನು ತಲುಪುವ ಬಗೆ

ರಾಂಚರ್‌ನಲ್ಲಿ 420 ಸಿಸಿ ವರ್ಗದ ಒಂದೇ ಸಿಲಿಂಡರಿನ ಎಂಜಿನ್ ಇದೆ. ಅದರ ಬಲ ಹಲ್ಲಿನ ಗೇರುಗಳ ಮೂಲಕ, ಅಲ್ಲಿಂದ ಉಕ್ಕಿನ ದಂಡಗಳ ಮೂಲಕ ಚಕ್ರಗಳಿಗೆ ಹೋಗುತ್ತದೆ. ಕಾಲಿನಿಂದ ಗೇರು ಬದಲಿಸುವ, ಗುಂಡಿ ಒತ್ತಿ ಬದಲಿಸುವ ಹಾಗೂ ತಾನಾಗಿಯೇ ಬದಲಾಗುವ ಮಾದರಿಗಳು ಇವೆಯಾದರೂ ಮೂರರಲ್ಲಿಯೂ ಒಳಗಿರುವುದು ಹಲ್ಲಿನ ಗೇರುಗಳೇ. ಸ್ಪೋರ್ಟ್ಸ್‌ಮನ್‌ನ 567 ಸಿಸಿ ಎಂಜಿನ್ ಸುಮಾರು 44 ಅಶ್ವಶಕ್ತಿಯದು. ಅದರ ಬಲ ಎರಡು ರಾಟೆಗಳ ನಡುವಿನ ಬೆಲ್ಟಿನ ಮೂಲಕ ಸಾಗುತ್ತದೆ. ವೇಗಕ್ಕೆ ತಕ್ಕಂತೆ ರಾಟೆಗಳು ಅಗಲಿ ಕೂಡುವುದರಿಂದ ಗೇರಿನ ಅನುಪಾತ ಎಲ್ಲಿಯೂ ತುಂಡಾಗದೆ ಬದಲಾಗುತ್ತ ಹೋಗುತ್ತದೆ. ನಮ್ಮ ರಸ್ತೆಗಳಲ್ಲಿ ಕೈನೆಟಿಕ್ ಹೊಂಡಾದ ಕಾಲದಿಂದಲೂ ಕಾಣುವ ಗೇರಿಲ್ಲದ ಸ್ಕೂಟರುಗಳ ತತ್ತ್ವವೂ ಇದೇ.

ಸಮತಟ್ಟಾದ ಹಾದಿಯಲ್ಲಿ ಬೆಲ್ಟಿನ ವಾಹನ ಹೆಚ್ಚು ಹಿತಕರ. ಸವಾರನ ಗಮನವೆಲ್ಲ ಹಾದಿಯ ಮೇಲಿರುತ್ತದೆ, ಗೇರಿನ ಯೋಚನೆ ಬೇಕಿಲ್ಲ. ಅದರ ದೌರ್ಬಲ್ಯ ಪ್ರಕಟವಾಗುವುದು ನೀರಿನಲ್ಲಿ ಮತ್ತು ಕಡಿದಾದ ಏರಿನಲ್ಲಿ. ಆಳವಾದ ನೀರು ದಾಟುವಾಗ ಬೆಲ್ಟಿನ ಪೆಟ್ಟಿಗೆಯೊಳಗೆ ನೀರು ಸೇರಿದರೆ ಬೆಲ್ಟು ಜಾರತೊಡಗುತ್ತದೆ. ಎಂಜಿನ್ ಗರ್ಜಿಸುತ್ತಿದ್ದರೂ ವಾಹನ ಮುಂದಕ್ಕೆ ಹೋಗುವುದಿಲ್ಲ. ಭಾರ ಹೇರಿ ಏರು ಹತ್ತುವಾಗ ‘ಲೋ’ ಶ್ರೇಣಿಗೆ ಹಾಕದಿದ್ದರೆ ಬೆಲ್ಟು ಸುಡುವುದೂ ಉಂಟು. ಇದು ಸವಾರನ ಶಿಸ್ತಿನಿಂದ ತಪ್ಪಿಸಬಹುದಾದ ದೋಷವೇ ಹೊರತು ವಾಹನದ ಅನಿವಾರ್ಯ ದೋಷವಲ್ಲ. ಗೇರಿನ ವಾಹನದಲ್ಲಿ ಈ ಚಿಂತೆಯೇ ಇಲ್ಲ.

ನಾಲ್ಕು ಚಕ್ರ ಚಾಲನೆಯ ವಿಷಯದಲ್ಲಿಯೂ ಎರಡು ಕಂಪನಿಗಳ ವಿಚಾರ ಬೇರೆಬೇರೆ. ರಾಂಚರ್‌ನಲ್ಲಿ ಸವಾರನೇ ನಾಲ್ಕು ಚಕ್ರ ಚಾಲನೆಗೆ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಮುಂದಿನ ಚಕ್ರಗಳು ಸದಾ ಎಂಜಿನ್ನಿಗೆ ಜೋಡಿಸಿಕೊಂಡಿರುತ್ತವೆ. ಸ್ಪೋರ್ಟ್ಸ್‌ಮನ್‌ನಲ್ಲಿ ಗುಂಡಿ ಒತ್ತಿಟ್ಟರೆ ಸಾಕು: ಹಿಂದಿನ ಚಕ್ರಗಳು ಜಾರಿದ ಕ್ಷಣ ಮುಂದಿನವು ತಾವಾಗಿ ಸೇರಿಕೊಳ್ಳುತ್ತವೆ, ಹಿಡಿತ ಮರಳಿದಾಗ ಬಿಟ್ಟುಕೊಳ್ಳುತ್ತವೆ. ಇದರಿಂದ ಗಟ್ಟಿ ನೆಲದಲ್ಲಿ ಹ್ಯಾಂಡಲ್ ಹಗುರವಾಗಿರುತ್ತದೆ. ಸೇರಿಕೊಂಡಾಗ ಮುಂದಿನ ಎರಡೂ ಚಕ್ರಗಳು ಸಮನಾಗಿ ಎಳೆಯುವುದರಿಂದ ಕೆಸರಿನಿಂದ ಮೇಲೆದ್ದು ಬರುವುದರಲ್ಲಿ ಸ್ಪೋರ್ಟ್ಸ್‌ಮನ್‌ನದೇ ಮೇಲುಗೈ.

ಆದರೆ ಇಳಿಜಾರಿನಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಕೊಳ್ಳುವವರು ಸಾಮಾನ್ಯವಾಗಿ ಏರನ್ನು ಕುರಿತೇ ವಿಚಾರಿಸುತ್ತಾರೆ. ಇಳಿಯುವುದೇ ಹೆಚ್ಚು ಕಠಿಣವೆಂಬುದು ಹಾದಿಗೆ ಬಂದ ಮೇಲೆ ತಿಳಿಯುತ್ತದೆ. ರಾಂಚರ್‌ನಲ್ಲಿ ಕೆಳಗಿನ ಗೇರಿಗೆ ಹಾಕಿ ಆಕ್ಸಲರೇಟರ್ ಬಿಟ್ಟರೆ, ನಾಲ್ಕು ಚಕ್ರ ಚಾಲನೆಯಲ್ಲಿರುವಾಗ ಎಂಜಿನ್ ನಾಲ್ಕೂ ಚಕ್ರಗಳನ್ನು ಹಿಡಿದು ನಿಧಾನಗೊಳಿಸುತ್ತದೆ. ಸಾದಾ ಬೆಲ್ಟಿನ ವ್ಯವಸ್ಥೆಯಲ್ಲಿ ಎಂಜಿನ್ನಿನ ವೇಗ ಇಳಿದೊಡನೆ ಬೆಲ್ಟಿನ ಬಿಗಿ ತಪ್ಪಿ, ವಾಹನ ತನ್ನಷ್ಟಕ್ಕೆ ಉರುಳಬಹುದು. ಇದನ್ನು ತಡೆಯಲು ಪೊಲಾರಿಸ್ ಎಂಜಿನ್ ಬ್ರೇಕಿಂಗಿನ ಏರ್ಪಾಡನ್ನು ಸೇರಿಸಿದೆ. ಆದರೂ ಮುಂದಿನ ಚಕ್ರಗಳು ಇಳಿಜಾರಿನಲ್ಲಿ ಬಿಟ್ಟುಕೊಂಡೇ ಇರುವುದರಿಂದ, ಮೇಲ್ದರ್ಜೆಯ ಕೆಲವು ಮಾದರಿಗಳಲ್ಲಿರುವ ವಿಶೇಷ ಇಳಿಜಾರು ನಿಯಂತ್ರಣವಿಲ್ಲದೆ ಎಂಜಿನ್ನಿನ ತಡೆ ಮುಂದಿನ ಚಕ್ರಗಳಿಗೆ ತಲುಪುವುದಿಲ್ಲ. ಮಳೆ ಬಿದ್ದ ಜೇಡಿಮಣ್ಣಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಂತು ವಾಹನ ಜಾರುತ್ತದೆ. ಅಲ್ಲಿ ಎಂಜಿನ್ನಿನ ತಡೆಯೇ ಸವಾರನಿಗೆ ಆಸರೆ.

ಆಕ್ಸಲ್ ಮತ್ತು ಸಸ್ಪೆನ್ಷನ್

ರಾಂಚರ್‌ನ ಸಾಮಾನ್ಯ ಮಾದರಿಗಳಲ್ಲಿ ಹಿಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸುತ್ತದೆ. ಒಂದು ಚಕ್ರ ಕಲ್ಲು ಹತ್ತಿದರೆ ಹಿಂಭಾಗವೆಲ್ಲ ಓರೆಯಾಗುತ್ತದೆ, ಸವಾರನ ಸೊಂಟಕ್ಕೆ ಅದರ ಅರಿವಾಗುತ್ತದೆ. ಆಕ್ಸಲಿನ ನಡುವಿನ ಪೆಟ್ಟಿಗೆ ಕೆಳಗೆ ಇಳಿಬಿದ್ದಿರುವುದರಿಂದ ನೆಲಕ್ಕೂ ವಾಹನಕ್ಕೂ ನಡುವಿನ ಅಂತರ 7 ಅಂಗುಲದೊಳಗೇ ಉಳಿಯುತ್ತದೆ. ಸ್ಪೋರ್ಟ್ಸ್‌ಮನ್‌ನಲ್ಲಿ ಪ್ರತಿ ಚಕ್ರವೂ ಸ್ವತಂತ್ರವಾಗಿ ಮೇಲೆ ಕೆಳಗೆ ಆಡುತ್ತದೆ, ಅಂತರ ಸುಮಾರು 11 ಅಂಗುಲ. ಕಲ್ಲಿನ ಹಾದಿಯಲ್ಲಿ ದೂರ ಹೋಗುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಗಟ್ಟಿ ಆಕ್ಸಲಿಗೂ ಒಂದು ಗುಣವಿದೆ: ಓರೆ ಇಳಿಜಾರಿನಲ್ಲಿ ಅದು ಕಡಿಮೆ ವಾಲುತ್ತದೆ, ಭಾರ ಎಳೆಯುವಾಗ ಹಿಂಭಾಗ ಕುಗ್ಗುವುದಿಲ್ಲ, ಸವೆಯುವ ಕೀಲುಗಳೂ ಕಡಿಮೆ. ಸ್ವತಂತ್ರ ಸಸ್ಪೆನ್ಷನ್ ಇರುವ ರಾಂಚರ್ ಮಾದರಿಗಳೂ ಬಂದಿವೆ. ಗೇರಿನ ಭದ್ರತೆ, ಸವಾರಿಯ ಹಿತ ಎರಡನ್ನೂ ಬಯಸುವವರು ಅವುಗಳನ್ನು ಪರಿಶೀಲಿಸಬಹುದು.

ಟಯರಿನ ಗಾಳಿಯೊತ್ತಡ ಎರಡರಲ್ಲೂ 4ರಿಂದ 7 ಪಿಎಸ್‌ಐ ಆಸುಪಾಸಿನಲ್ಲಿರುತ್ತದೆ. ಕಾರಿನ ಟಯರಿನಲ್ಲಿ ಸುಮಾರು 30 ಇರುತ್ತದೆಂಬುದನ್ನು ನೆನೆದರೆ ಇದೆಷ್ಟು ಮೆತು ಎಂಬುದು ತಿಳಿಯುತ್ತದೆ. ಸಾಮಾನ್ಯ ಮಾಪಕ ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸದು. ಬೇರೆ ಮಾಪಕ ಬೇಕು.

ತೂಕ ಮತ್ತು ಮಗುಚುವ ಅಪಾಯ

ಅಮೆರಿಕದಲ್ಲಿ ಎಟಿವಿ ಅಪಘಾತಗಳಲ್ಲಿ ಪ್ರತಿವರ್ಷ ನೂರಾರು ಜನ ಸಾಯುತ್ತಾರೆ, ಅವರಲ್ಲಿ ಮಕ್ಕಳೂ ಇರುತ್ತಾರೆ. ವಾಹನ ಮಗುಚಿ ಸವಾರ ಅದರ ಅಡಿಗೆ ಸಿಕ್ಕುವುದು ಸಾವಿನ ಸಾಮಾನ್ಯ ಬಗೆಗಳಲ್ಲೊಂದು. 1988ರಲ್ಲಿ ಸರ್ಕಾರ ಮತ್ತು ಹೊಂಡಾ, ಯಮಹಾ, ಸುಜುಕಿ, ಕವಾಸಾಕಿ, ಪೊಲಾರಿಸ್ ಕಂಪನಿಗಳ ನಡುವೆ ನ್ಯಾಯಾಲಯದ ಮೂಲಕ ಒಪ್ಪಂದವಾಗಿ, ಹೊಸ ಮೂರು ಚಕ್ರದ ಎಟಿವಿಗಳ ಮಾರಾಟ ನಿಂತಿತು. 16 ವರ್ಷದೊಳಗಿನವರು 90 ಸಿಸಿ ಮೀರಿದ ಎಟಿವಿಯನ್ನು ಓಡಿಸಬಾರದೆಂಬ ಎಚ್ಚರಿಕೆಯೂ ಆಗ ನೆಲೆಗೊಂಡಿತು. 2008ರ ಕಾಯಿದೆ ಹೊಸ ಮೂರು ಚಕ್ರದ ವಾಹನಗಳನ್ನು ನಿಷೇಧಿಸಿತು.

ನಾಲ್ಕು ಚಕ್ರ ಚಾಲನೆಯು ಮಗುಚುವುದನ್ನು ತಡೆಯುವುದಿಲ್ಲ. ಮಗುಚಬಹುದಾದ ಜಾಗಗಳಿಗೆ ಹೋಗಲು ಧೈರ್ಯವನ್ನಷ್ಟೇ ಕೊಡುತ್ತದೆ. ರಾಂಚರ್‌ನ ತೂಕ ಮಾದರಿಗೆ ತಕ್ಕಂತೆ ಸುಮಾರು 270ರಿಂದ 300 ಕಿಲೋಗ್ರಾಂ, ಸ್ಪೋರ್ಟ್ಸ್‌ಮನ್‌ನದು 300ಕ್ಕೂ ಹೆಚ್ಚು. ಸವಾರ ತನ್ನ ಮೈಭಾರವನ್ನು ಏರಿನಲ್ಲಿ ಮುಂದಕ್ಕೂ, ಇಳಿಜಾರಿನಲ್ಲಿ ಹಿಂದಕ್ಕೂ, ಓರೆ ನೆಲದಲ್ಲಿ ಮೇಲಿನ ಬದಿಗೂ ಸರಿಸುತ್ತ ವಾಹನವನ್ನು ಸಮತೋಲದಲ್ಲಿಡುತ್ತಾನೆ. ವಾಹನ ಭಾರವಾದಷ್ಟೂ ಮೈಭಾರದ ಪ್ರಭಾವ ಕಡಿಮೆಯಾಗುತ್ತದೆ. ಆದ್ದರಿಂದ ಸಣ್ಣ ಮೈಕಟ್ಟಿನವರಿಗೆ ಮತ್ತು ಒಬ್ಬರೇ ಹೋಗುವವರಿಗೆ ಹಗುರವಾದುದು ಲೇಸು. ಎರಡು ಮಾದರಿಗಳೂ ಒಬ್ಬರಿಗಾಗಿ ಮಾಡಿದವು. ಆಸನ ಉದ್ದವಾಗಿರುವುದು ಮೈಭಾರ ಸರಿಸಲು ಜಾಗ ಬೇಕೆಂಬ ಕಾರಣಕ್ಕೆ. ಹಿಂದೆ ಇನ್ನೊಬ್ಬರು ಕುಳಿತರೆ ಆ ಜಾಗವೇ ಇಲ್ಲವಾಗುತ್ತದೆ. ಜೊತೆಗಾರರನ್ನು ಕೂರಿಸಬೇಕೆನ್ನುವವರಿಗೆ ಎರಡು ಆಸನದ ಪ್ರತ್ಯೇಕ ಮಾದರಿಗಳಿವೆ.

ಮಳೆಯ, ಕಡಿದಾದ, ಜಾರುವ ಹಾದಿಗಳಲ್ಲಿ ನಿಧಾನವಾಗಿ ಸಾಗುವವರಿಗೆ ರಾಂಚರ್‌ನಂತಹ ಗೇರಿನ ವಾಹನ ಸೂಕ್ತ. ಕಲ್ಲಿನ ಹಾದಿಯಲ್ಲಿ ದೂರ ಕ್ರಮಿಸುವವರಿಗೆ, ಆಳ ಕೆಸರಿಗೆ ಇಳಿಯುವವರಿಗೆ ಸ್ಪೋರ್ಟ್ಸ್‌ಮನ್ ಹೆಚ್ಚು ಒಗ್ಗುತ್ತದೆ. ಹಳೆಯ ವಾಹನ ಕೊಳ್ಳುವವರು ಮೊದಲನೆಯದರಲ್ಲಿ ಹಿಂದಿನ ಆಕ್ಸಲಿನ ಬೇರಿಂಗುಗಳನ್ನು, ಎರಡನೆಯದರಲ್ಲಿ ಬೆಲ್ಟು ಮತ್ತು ಸಸ್ಪೆನ್ಷನ್ನಿನ ಬುಷ್ಷುಗಳನ್ನು ಪರೀಕ್ಷಿಸಬೇಕು.

ಭಾರತದಲ್ಲಿ

ಭಾರತದಲ್ಲಿ ಎಟಿವಿಗಳಿಗೆ ಸಾರ್ವಜನಿಕ ರಸ್ತೆಯ ನೋಂದಣಿ ಸಾಮಾನ್ಯವಾಗಿ ದೊರೆಯುವುದಿಲ್ಲ. ಕೊಡಗು, ಚಿಕ್ಕಮಗಳೂರು ಮುಂತಾದ ಕಡೆ ರೆಸಾರ್ಟುಗಳ ಒಳಗಿನ ಮಣ್ಣಿನ ಸುತ್ತುಗಳಲ್ಲಿ ಪ್ರವಾಸಿಗರು ಇವುಗಳನ್ನು ಓಡಿಸುತ್ತಾರೆ. ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗಾಗಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಯಾರಿಸುವ ವಾಹನವನ್ನೂ ಎಟಿವಿ ಎಂದೇ ಕರೆಯುವ ರೂಢಿಯಿದೆ. ಅದು ಕೊಳವೆಗಳ ಚೌಕಟ್ಟು, ಸೀಟ್ ಬೆಲ್ಟು ಮತ್ತು ಸ್ಟೀರಿಂಗ್ ಚಕ್ರ ಇರುವ ಒಂಟಿ ಆಸನದ ಬೇರೆಯೇ ಬಗೆಯ ವಾಹನ.