ಘಟ್ಟದ ಮೇಲಣ ಗಾಳಿಯೂ ಪ್ರಯಾಣದ ವಾಂತಿಯೂ

ನಾಗಸಂದ್ರ, ಪೀಣ್ಯಗಳ ಕಾರ್ಖಾನೆಗಳನ್ನು ನಂಬಿ ಬಂದು ನೆಲೆಸಿದ ಸಂಸಾರಗಳಲ್ಲಿ ಎಷ್ಟೋ ಮಂದಿಯ ಹುಟ್ಟೂರು ಘಟ್ಟದ ಕೆಳಗಿರುವುದು. ರಜೆ ಬಂದೊಡನೆ ಇವರ ಮನೆಯ ಬಾಲಿಕೆಯರು ಬಸ್ಸಿನಲ್ಲಿ ಶಿರಾಡಿಯ ತಿರುವುಗಳನ್ನಿಳಿದೋ, ದೇವನಹಳ್ಳಿಯಲ್ಲಿ ವಿಮಾನವನ್ನೇರಿ ಬಜ್ಪೆಯಲ್ಲಿಳಿದೋ ಅಜ್ಜಿಯ ಮನೆಯನ್ನು ಸೇರುವರು. ಕೆಲವರಿಗೆ ಈ ಪ್ರಯಾಣವೆಂದರೆ ಭಯ. ಭಯಕ್ಕಿಂತಲೂ ನಾಚಿಕೆಯೇ ಹೆಚ್ಚು. ದಾರಿಯಲ್ಲಿ ವಾಂತಿಯಾದೀತೆಂಬ ಒಂದೇ ಕಾರಣದಿಂದ ಮಂಗಳೂರಿನ ಒಳ್ಳೆಯ ಕಾಲೇಜೊಂದನ್ನು ಬೇಡವೆಂದ ವಿದ್ಯಾರ್ಥಿನಿಯನ್ನು ನಾನು ಬಲ್ಲೆನು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರಿಸಿ ಬರೆಯುವುದು ಅವಶ್ಯವೆಂದು ತೋರಿತು.

ವಿಮಾನವು ಘಟ್ಟದ ಮೇಲೆ ಕುಲುಕುವುದೇಕೆ? ಮಳೆ ಸುರಿದಾಗ ಬೀದಿಯಂಚಿನಲ್ಲಿ ಹರಿಯುವ ನೀರನ್ನು ನೋಡಿರಿ. ನಡುವೆ ಕಲ್ಲೊಂದಿದ್ದರೆ ನೀರು ಅದರ ಮೇಲೆ ಉಬ್ಬಿ, ಆಚೆಗೆ ತಗ್ಗಿ, ಪುನಃ ಉಬ್ಬಿ, ಅಲೆಯಲೆಯಾಗಿ ಹೋಗುವುದು. ಕಲ್ಲಿನ ಹಿಂದುಗಡೆ ಸುಳಿಗಳೂ ಏಳುವುವು. ಗಾಳಿಯೂ ನೀರಿನಂತೆ ಹರಿಯುವ ವಸ್ತುವೇ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಅರಬ್ಬೀ ಸಮುದ್ರದ ಕಡೆಯಿಂದ ಬೀಸುವ ಮುಂಗಾರುಗಾಳಿಗೆ ನಮ್ಮ ಪಶ್ಚಿಮಘಟ್ಟಗಳೇ ಆ ಕಲ್ಲು. ಕುದುರೆಮುಖದ ಶಿಖರವು 1,894 ಮೀಟರ್ ಎತ್ತರವಾದುದು. ಮುಳ್ಳಯ್ಯನಗಿರಿಯು ಸುಮಾರು 1,930 ಮೀಟರ್. ಗಾಳಿಯು ಈ ಗೋಡೆಯನ್ನು ಏರಿ, ಮಳೆಯನ್ನು ಸುರಿಸಿ, ಆಚೆಗೆ ಅಲೆಯಾಗಿ ಇಳಿಯುವುದು. ದಟ್ಟವಾದ ಮೋಡಗಳೊಳಗೂ ಗಾಳಿಯು ಮೇಲಕ್ಕೂ ಕೆಳಕ್ಕೂ ನುಗ್ಗುವುದು. ವಿಮಾನವು ಏರುವ ಗಾಳಿಯಿಂದ ಇಳಿಯುವ ಗಾಳಿಗೆ ಹಾಯುವಾಗ ಅಲುಗಾಡದೆ ಇರಲಾರದು. ಬೇಸಿಗೆಯ ಮಧ್ಯಾಹ್ನ ಕಾದ ನೆಲದಿಂದೇಳುವ ಬಿಸಿಗಾಳಿಯೂ ಹೀಗೆಯೇ ಮಾಡುವುದರಿಂದ, ಬೆಳಗಿನ ವಿಮಾನವೇ ಸಾಮಾನ್ಯವಾಗಿ ನೆಮ್ಮದಿಯಾದುದು.

ಜನರು ‘ಏರ್ ಪಾಕೆಟ್’ ಎಂದು, ಆಕಾಶದಲ್ಲಿ ಗಾಳಿಯೇ ಇಲ್ಲದ ಗುಂಡಿಯಿರುವಂತೆ ಮಾತನಾಡುವರು. ಅಂಥ ಗುಂಡಿ ಎಲ್ಲಿಯೂ ಇಲ್ಲ. ನೂರಾರು ಅಡಿ ಬಿದ್ದೆವೆಂದು ತೋರಿದರೂ ಬಹಳ ಸಲ ವಿಮಾನವು ಇಳಿದಿರುವುದು ಕೆಲವೇ ಅಡಿ.

ಹಾಗೆಂದು ಪರ್ವತದ ಗಾಳಿಯನ್ನು ಹಗುರವಾಗಿ ಎಣಿಸಲಾಗದು. 1966ನೆಯ ಮಾರ್ಚ್ 5ರಂದು ಜಪಾನಿನ ಫುಜಿ ಪರ್ವತದ ಬಳಿ ಬ್ರಿಟಿಷ್ ವಿಮಾನವೊಂದು ಇಂಥ ಗಾಳಿಗೆ ಸಿಕ್ಕಿ ಮುರಿದು, 124 ಮಂದಿ ಮಡಿದರು. ಈಗಿನ ವಿಮಾನಗಳನ್ನು ಬಹು ಕಠಿಣವಾಗಿ ಪರೀಕ್ಷಿಸುವರು. 2010ರಲ್ಲಿ ಬೋಯಿಂಗ್ 787 ವಿಮಾನದ ರೆಕ್ಕೆಗಳನ್ನು ಸುಮಾರು 25 ಅಡಿ ಮೇಲಕ್ಕೆ ಬಗ್ಗಿಸಿ ನೋಡಿದರು, ಮುರಿಯಲಿಲ್ಲ. ಕಿಟಕಿಯಾಚೆ ರೆಕ್ಕೆ ಬಾಗುವುದನ್ನು ಕಂಡು ಚೀರುವ ಕಾರಣವಿಲ್ಲ. ಆದರೆ ನಡುಪಟ್ಟಿಯನ್ನು ಮಾತ್ರ ಕುಳಿತಿರುವಷ್ಟು ಹೊತ್ತೂ ಬಿಚ್ಚಬಾರದು. 2024ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ವಿಮಾನವು ಕುಲುಕಿದಾಗ, ಪಟ್ಟಿ ಕಟ್ಟದಿದ್ದವರು ಆಸನದಿಂದ ಮೇಲಕ್ಕೆ ಎಸೆಯಲ್ಪಟ್ಟರು.

ಇನ್ನು ವಾಂತಿಯ ಮಾತು. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ, ಬಾಗಿದ ಮೂರು ನಾಳಗಳುಂಟು. ನೀರಿರುವ ಲೋಟವನ್ನು ಥಟ್ಟನೆ ತಿರುಗಿಸಿದರೆ ನೀರು ಹಿಂದುಳಿಯುವಂತೆ, ತಲೆ ತಿರುಗಿದಾಗ ಆ ದ್ರವವು ಹಿಂದುಳಿದು, ಚಲನೆಯ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು. ಏರಿಳಿತವನ್ನರಿಯುವ ಸೂಕ್ಷ್ಮವಾದ ಭಾಗಗಳೂ ಅಲ್ಲಿಯೇ ಇರುವುವು. ವಿಮಾನದಲ್ಲಿ ಕುಳಿತವಳ ಕಣ್ಣು ಎದುರಿನ ಆಸನವನ್ನು ಕಂಡು, ಎಲ್ಲವೂ ನಿಶ್ಚಲವಾಗಿದೆ ಎನ್ನುವುದು. ಕಿವಿಯು, ಇಲ್ಲ, ಕುಲುಕುತ್ತಿದ್ದೇವೆ ಎನ್ನುವುದು. ಈ ಎರಡು ಸಾಕ್ಷಿಗಳ ಜಗಳದಲ್ಲಿ ಶಿಕ್ಷೆ ಹೊಟ್ಟೆಗೆ! ಘಟ್ಟದ ಬಸ್ಸಿನ ಡ್ರೈವರನಿಗೆ ವಾಂತಿಯಾಗದಿರುವುದು, ಮುಂದಿನ ತಿರುವನ್ನು ಅವನ ಕಣ್ಣು ಮೊದಲೇ ಕಾಣುವುದರಿಂದ. ಇದು ದೌರ್ಬಲ್ಯವೂ ಅಲ್ಲ, ಹೇಡಿತನವೂ ಅಲ್ಲ. ನೌಕಾಸೇನಾನಿ ನೆಲ್ಸನ್ನನಿಗೂ, ಬೀಗಲ್ ಹಡಗಿನಲ್ಲಿ ಸುಮಾರು ಐದು ವರ್ಷ ಸಂಚರಿಸಿದ ಡಾರ್ವಿನ್ನನಿಗೂ ಸಮುದ್ರದ ಓಕರಿಕೆ ತಪ್ಪಲಿಲ್ಲ.

ಉಪವಾಸವಿದ್ದು ಹೊರಡುವ ಪದ್ಧತಿ ನನಗೆ ಸರಿದೋರದು. ಎಣ್ಣೆಯಲ್ಲಿ ಕರಿದುದನ್ನು ಬಿಟ್ಟು ಎರಡು ಇಡ್ಲಿಗಳನ್ನು ತಿಂದು ಹೊರಡಬಹುದು. ಕುಲುಕು ಕಡಮೆಯಾಗಿರುವ ರೆಕ್ಕೆಯ ಬಳಿಯ ಆಸನವನ್ನು ಕೇಳಿ ಪಡೆಯಿರಿ. ತಲೆಯನ್ನು ಆಸನಕ್ಕೆ ಆನಿಸಿ, ದೂರದ ದಿಗಂತವನ್ನು ನೋಡಿರಿ. ಹೊರಗೆ ಬರಿಯ ಮೋಡವಾದರೆ ಕಣ್ಣು ಮುಚ್ಚಿಕೊಳ್ಳುವುದು ಮೇಲು. ಪುಸ್ತಕ, ಮೊಬೈಲು ಎರಡೂ ಚೀಲದಲ್ಲಿರಲಿ. ಹಿರಿಯರು ನಿಂಬೆಹಣ್ಣನ್ನು ಮೂಸಲು ಕೊಡುವರು. ಕೆಲವರಿಗೆ ಅದರಿಂದ ಸಮಾಧಾನವಾಗುವುದು, ಕೇಡಂತೂ ಇಲ್ಲ. ಗುಳಿಗೆಯನ್ನು ವೈದ್ಯರನ್ನು ಕೇಳಿಯೇ, ಹೊರಡುವುದಕ್ಕೆ ಮುಂಚಿತವಾಗಿ ತೆಗೆದುಕೊಳ್ಳಬೇಕು. ವಾಂತಿ ಮೊದಲಾದ ಮೇಲೆ ನುಂಗಿದುದು ಹೊಟ್ಟೆಯಲ್ಲಿ ನಿಲ್ಲದು. ಅದರಿಂದ ನಿದ್ದೆ ಬರುವುದೂ ಉಂಟು.

ಇಷ್ಟಾದರೂ ವಾಂತಿ ಬಂದರೆ, ಎದುರಿನ ಆಸನದ ಜೇಬಿನಲ್ಲಿರುವ ಕಾಗದದ ಸಂಚಿ ಇರುವುದೇ ಅದಕ್ಕಾಗಿ. ವಿಮಾನ ಹೊರಡುವ ಮೊದಲೇ ಅದನ್ನು ಕೈಗೆಟಕುವಂತೆ ಇಟ್ಟುಕೊಳ್ಳಿರಿ. ಬಳಸಿದ ಮೇಲೆ ಬಾಯಿ ಮಡಚಿ ಪರಿಚಾರಿಕೆಗೆ ಕೊಟ್ಟು, ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತ ಕುಳಿತಿರಿ. ಬಜ್ಪೆಗೆ ಇನ್ನು ಹೆಚ್ಚು ಹೊತ್ತಿರುವುದಿಲ್ಲ.